28 ಮಕ್ಕಳು, 5 ಮನೆಮಾತು, ಒಂದು ಕಪಾಟು: ಓದು ಎಲ್ಲಿಂದ ಶುರು ಮಾಡೋದ್ರಿ?

ಚಾಪೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವನು. ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದೆ, ರಿಟೈರ್ ಆಗಿ 2 ವರ್ಷ. ಮನೇಲಿ ಕೂತು ಕೂತು ಬೇಜಾರಾಗಿ ಜೂನ್‌ನಲ್ಲಿ ಮಂಡಕ್ಕಿ ಹುರಿಯೋ ಭಟ್ಟಿಗಳ ಕಡೆ ಹಳೇ ಶಿಷ್ಯನೊಬ್ಬನ ಖಾಲಿ ಗೋಡೌನ್ ಇಸ್ಕೊಂಡು, ಭಾನುವಾರ ಬೆಳಗ್ಗೆ 8ರಿಂದ 10ರವರೆಗೆ ಮಕ್ಕಳಿಗೆ ಕಥೆ ಪುಸ್ತಕ ಓದಿಸೋಕೆ ಶುರು ಮಾಡಿದೆ. ಎರಡು ಚಾಪೆ, ಒಂದು ಕಬ್ಬಿಣದ ಕಪಾಟು, ಮೇಲೆ ತಗಡಿನ ಶೀಟು. ಇಷ್ಟೇ ಆಸ್ತಿ.

ಮೊದಲ ವಾರ 28 ಮಕ್ಕಳು ಬಂದ್ವು. 13 ಮಕ್ಕಳ ಮನೇಲಿ ಉರ್ದು, 7 ಲಂಬಾಣಿ, 3 ತೆಲುಗು, ಗಾರೆ ಕೆಲಸಕ್ಕೆ ಬಿಹಾರದಿಂದ ಬಂದವರ ಮಕ್ಕಳು 2, ಬರೀ ಕನ್ನಡ ಆಡೋವು 3. ವಯಸ್ಸು 6ರಿಂದ 12. ಈಗ ಡಿಸೆಂಬರ್. ಬರೋವು 11.

ತೊಂದರೆ ಏನಪ್ಪಾ ಅಂದ್ರೆ, ಓದೋಕೆ ಬರಲ್ಲ ಅಂತಲ್ಲ. ದೊಡ್ಡವು ಗಡಗಡ ಓದ್ತಾವೆ, ಒತ್ತಕ್ಷರನೂ ಬಿಡಲ್ಲ. ಓದಿ ಮುಗಿಸಿದ ಮೇಲೆ "ನರಿ ಯಾಕೆ ಓಡಿಹೋಯ್ತು?" ಅಂದ್ರೆ ಎಲ್ಲಾ ತಗಡಿನ ಶೀಟು ನೋಡ್ತಾವೆ. ಬಾಯಿಗೂ ಕಿವಿಗೂ ಸಂಬಂಧವೇ ಇಲ್ಲ.

ಇನ್ನೊಂದು ತಲೆನೋವು. ಹಿರಿಯರೊಬ್ಬರು 150 ಪುಸ್ತಕ ಕೊಡಿಸಿದ್ರು, ದೊಡ್ಡ ಮನಸ್ಸು. ಮುಕ್ಕಾಲು ಪಾಲು ನೀತಿಕಥೆ. ಜೊತೆಗೆ ಒಂದು ಷರತ್ತು: ಇಲ್ಲಿ ಕನ್ನಡ ಬಿಟ್ಟು ಬೇರೆ ಮಾತು ಬರಬಾರದು. ಒಬ್ಬ ತಾಯಿ ಬಂದು "ಸಾರ್, ಕನ್ನಡ ಸ್ಕೂಲಲ್ಲೇ ಐತಲ್ಲ, ಇಂಗ್ಲಿಷ್ ಓದ್ಸಿ" ಅಂದ್ರು. ಇನ್ನೊಬ್ಬರು ಉರ್ದು ಪುಸ್ತಕ ಇಡಿ ಅಂತಾರೆ. ನನಗೆ ಬರೋದು ಕನ್ನಡ ಪೂರ್ತಿ, ಉರ್ದು ಅರ್ಧ, ಇಂಗ್ಲಿಷ್ ಕಾಲು.

ಯಾವ ಭಾಷೆಯಿಂದ ಶುರು ಮಾಡ್ಲಿ? ಮಾಡಿ ನೋಡಿದವರು ಹೇಳಿ. ಭಾಷಣ ಬೇಡ, ಅದನ್ನ 34 ವರ್ಷ ನಾನೇ ಮಾಡಿದೀನಿ.

ಕನ್ನಡ ಕಟ್ಟಾಳು

ಕೇಳೋದೇನಿದೆ ಸಾರ್ ಇದರಲ್ಲಿ? ಈ ನೆಲದ ನೀರು ಕುಡಿದ ಮೇಲೆ ಕನ್ನಡ. ಆ ಹಿರಿಯರು ಹೇಳಿದ್ದೇ ಸರಿ. ಐದು ಭಾಷೆ ಇಟ್ಕೊಂಡು ಕೂತ್ರೆ ಒಂದೂ ನೆಟ್ಟಗೆ ಬರಲ್ಲ. ಬೇಂದ್ರೆ ಮನೆಮಾತು ಮರಾಠಿ, ಮಾಸ್ತಿ ಮನೆಮಾತು ತಮಿಳು, ನಿಸಾರ್ ಅಹಮದ್ ಅವರದು ಉರ್ದು. ಎಲ್ಲರೂ ಕನ್ನಡದಲ್ಲೇ ಬರೀಲಿಲ್ವಾ?

ಬೆಣ್ಣೆದೋಸೆ 77

ಬಂತು ಪಟ್ಟಿ. ರಾಜ್ಯೋತ್ಸವ ಮುಗಿದು ತಿಂಗಳಾಯ್ತು ಗುರುವೇ, ಇನ್ನೂ ಮಡಚಿಟ್ಟಿಲ್ವಾ?

ತಾಂಡಾದ ಹುಡುಗಿ

ಕಟ್ಟಾಳು ಅವರೇ, ಆ ಪಟ್ಟಿಯಲ್ಲಿರೋರ ಮನೆಗಳಲ್ಲಿ ಅಕ್ಷರ ಮೊದಲೇ ಬಂದು ಕೂತಿತ್ತು. ನಮ್ಮ ತಾಂಡಾದಲ್ಲಿ ಓದೋಕೆ ಅಂತ ಇದ್ದದ್ದು ರೇಷನ್ ಕಾರ್ಡು, ಬೀಡಿ ಕಟ್ಟಿನ ಮೇಲಿನ ಚೀಟಿ.

ನನ್ನ ಕಥೆ ಹೇಳ್ತೀನಿ. ನಮ್ಮದು ನ್ಯಾಮತಿ ಕಡೆ, ನಮ್ಮ ಲಂಬಾಣಿಗಳ ಗುರು ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪಕ್ಕೆ ನಡೆದೇ ಹೋಗುವಷ್ಟು ಹತ್ತಿರ. ಒಂದನೇ ಕ್ಲಾಸಿನ ಮೊದಲ ವಾರ ಮೇಡಂ ಒಂದು ಚಿತ್ರ ತೋರಿಸಿ ಇದು ಯಾರು ಅಂದ್ರು. ಸೀರೆ ಉಟ್ಟ ಹೆಂಗಸು, ಕಂಕುಳಲ್ಲಿ ಮಗು. ನಾನು "ಯಾಡಿ" ಅಂದೆ. ನಮ್ಮಲ್ಲಿ ಅವ್ವನಿಗೆ ಯಾಡಿ ಅನ್ನೋದು. ಇಡೀ ಕ್ಲಾಸು ನಕ್ತು. ಮೇಡಂ ಕೂಡ ನಕ್ಕರು, ಕೆಟ್ಟವರೇನಲ್ಲ, ಅವರಿಗೂ ಹೊಸದು. ಆವತ್ತು ಮುಚ್ಚಿದ ಬಾಯಿ ಮೂರನೇ ಕ್ಲಾಸ್ ಮುಗಿಯೋವರೆಗೂ ತೆರೀಲಿಲ್ಲ. ಓದೋಕೆ ಬರ್ತಿತ್ತು, ಬರೆಯೋಕೂ ಬರ್ತಿತ್ತು. ಯಾರಾದ್ರೂ ಕೇಳಿದ್ರೆ ಶೀಟು ನೋಡ್ತಿದ್ದೆ, ನಿಮ್ಮ ಮಕ್ಕಳ ಹಂಗೇ.

ನಾಲ್ಕನೇ ಕ್ಲಾಸಿಗೆ ಹೊಸ ಮೇಷ್ಟ್ರು ಬಂದ್ರು. ಒಂದಿನ ಸುಮ್ಮನೆ "ನಿಮ್ಮಲ್ಲಿ ರೊಟ್ಟಿಗೆ ಏನಂತೀರಮ್ಮ?" ಅಂದ್ರು. ಹೆದರ್ಕೊಂಡೇ "ಬಾಟಿ" ಅಂದೆ. ಅವರು ಬೋರ್ಡ್ ಮೇಲೆ ಕನ್ನಡ ಅಕ್ಷರದಲ್ಲಿ ಬಾಟಿ ಅಂತ ಬರೆದು ಓದು ಅಂದ್ರು. ನಮ್ಮ ಗೋರ್ ಬೋಲಿಗೆ, ಅಂದ್ರೆ ಲಂಬಾಣಿ ಮಾತಿಗೆ, ಸ್ವಂತ ಲಿಪಿ ಇಲ್ಲ. ನಮ್ಮ ಮಾತನ್ನ ಬರೀಬಹುದು ಅಂತಾನೇ ನನಗೆ ಗೊತ್ತಿರಲಿಲ್ಲ. ಮನೆಗೆ ಓಡಿ ಹೋಗಿ ಒಲೆ ಹಿಂದಿನ ಗೋಡೆ ತುಂಬ ಇದ್ದಿಲಲ್ಲಿ ಬಾಟಿ, ಯಾಡಿ, ಪಾಣಿ ಅಂತ ಬರೆದು ಒದೆ ತಿಂದೆ. ಆ ಒದೆಯಿಂದಲೇ ನನ್ನ ಕನ್ನಡ ಶುರುವಾಯ್ತು.

2011ರ ಜನಗಣತಿಯಲ್ಲಿ ನಮ್ಮ ಮಾತು ಆಡೋರು ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು. ಅದನ್ನ ಹಿಂದಿಯ ಕೆಳಗೆ ಸೇರಿಸಿ ಲೆಕ್ಕ ಹಾಕಿದಾರೆ. ಹಿಂದಿ ನಮ್ಮಜ್ಜಿಗೆ ಒಂದಕ್ಷರ ಬರಲ್ಲ.

ಸುಮ್ನೆ ನೋಡ್ತಿದೀನಿ

ಗೋಡೆ ಫೋಟೋ ಇದ್ರೆ ಹಾಕಿ ಮೇಡಂ.

ತಾಂಡಾದ ಹುಡುಗಿ

ಯುಗಾದಿಗೆ ಸುಣ್ಣ ಹೊಡೆದ್ರು. ಮುಗೀತು.

ಕನ್ನಡ ಕಟ್ಟಾಳು

ನಿಮ್ಮನ್ನ ನೋಡಿ ನಕ್ಕಿದ್ದು ತಪ್ಪು, ಒಪ್ತೀನಿ. ಆದ್ರೆ ನೀವೇ ಹೇಳಿದ ಹಾಗೆ ಕೊನೆಗೆ ಕನ್ನಡ ಅಕ್ಷರವೇ ತಾನೇ ಕೈಹಿಡಿದಿದ್ದು? ನಾನು ಹೇಳಿದ್ದೂ ಅದನ್ನೇ.

ಆಜಾದ್‌ನಗರ ಟೀಚರ್

ನಾನು ಉರ್ದು ಮೀಡಿಯಂ ಶಾಲೆಯಲ್ಲಿ ಕನ್ನಡ ಹೇಳಿಕೊಡೋಳು. ಮೇಷ್ಟ್ರೇ, "ಉರ್ದು ಮಕ್ಕಳು" ಅಂತ ಒಂದೇ ಚೀಲಕ್ಕೆ ತುಂಬಬೇಡಿ. ಅವರು ಮನೇಲಿ ಆಡೋದು ದಖನಿ. ಮನೇಲಿ "ನಕ್ಕೊ", ಪುಸ್ತಕದಲ್ಲಿ "ನಹೀಂ". ಪುಸ್ತಕದ ಉರ್ದುವೂ ಅವಕ್ಕೆ ಅರ್ಧ ಪರದೇಶ. ಹಾಗಾಗಿ ಉರ್ದು ಪುಸ್ತಕ ತಂದಿಟ್ಟ ಕೂಡಲೇ ಎಲ್ಲ ಸರಿಹೋಗುತ್ತೆ ಅನ್ಕೋಬೇಡಿ. ಇಡಬೇಡಿ ಅಂತಲೂ ಅಲ್ಲ. ಒಂದು ಹತ್ತು ಇರಲಿ, ಕಣ್ಣಿಗೆ ಕಾಣೋ ಹಾಗೆ. ಇಡುವಾಗ ನೆನಪಿರಲಿ, ಉರ್ದು ಪುಸ್ತಕದ ಮುಖಪುಟ, ಕನ್ನಡ ಪುಸ್ತಕದ ಹಿಂಬದಿ ಇರೋ ಕಡೆ ಇರುತ್ತೆ. ನಮ್ಮ ಶಾಲೆಗೇ ಬಂದಿದ್ದ ಒಬ್ಬ ಸ್ವಯಂಸೇವಕರು ಎಲ್ಲವನ್ನೂ ಬೆನ್ನು ತೋರಿಸೋ ಹಾಗೆ ಜೋಡಿಸಿ, "ಈ ಪುಸ್ತಕಕ್ಕೆ ಹೆಸರೇ ಇಲ್ವಲ್ಲ" ಅಂದಿದ್ರು. ಹಾಗೇ, ಮಗು ಕನ್ನಡ ಪುಸ್ತಕವನ್ನ ಹಿಂದಿನಿಂದ ತೆರೆದ್ರೆ ಬೈಬೇಡಿ. ಬಲದಿಂದ ಎಡಕ್ಕೆ ಓದಿ ಅಭ್ಯಾಸ, ಎರಡು ವಾರದಲ್ಲಿ ತಾನೇ ತಿರುಗಿಸುತ್ತೆ.

ನಾನು ಮಾಡೋ ಒಂದು ಆಟ ಹೇಳ್ತೀನಿ. ಕನ್ನಡ ಪುಟದಲ್ಲಿ "ನಮ್ಮನೆ ಪದ" ಹುಡುಕಿ ಅಂತೀನಿ. ಖುಷಿ, ಕಾಗದ, ಚಾಕು, ಜೇಬು, ಕುರ್ಚಿ, ಜಮೀನು. ಜಿಲ್ಲೆ, ತಾಲ್ಲೂಕು, ಕೊನೆಗೆ ರೈತ ಕೂಡ. ಹುಡುಗರು ಕಳ್ಳ ಸಿಕ್ಕಿಬಿದ್ದ ಹಾಗೆ ಕೂಗ್ತಾರೆ. "ಮಿಸ್, ಇದು ನಮ್ದು!" ಪುಟದಲ್ಲಿ ಐದು ಪದ ತಮ್ಮವು ಅಂತ ಗೊತ್ತಾದ್ರೆ ಉಳಿದ ಐವತ್ತಕ್ಕೆ ಹೆದರಲ್ಲ.

ಒಂದೇ ಕಷ್ಟ, ಳ. ದಖನಿಯಲ್ಲಿ ಅದಿಲ್ಲ. ಬಾಳೆಹಣ್ಣು ಬಾಲೆಹಣ್ಣಾದ್ರೆ ನಡೀತದೆ. "ಕಥೆ ಹೇಳು" ಅನ್ನೋಕೆ ಹೋಗಿ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಲ್ಲ.

ಬೆಣ್ಣೆದೋಸೆ 77

ಬಿಡಿಸಿ ಹೇಳದಿದ್ರೂ ಊರಿಗೇ ಗೊತ್ತಾಯ್ತು ಟೀಚರ್ 😂

ತಾಂಡಾದ ಹುಡುಗಿ

ಳ ಬೇಕಾದ್ರೆ ನಮ್ಮ ಮಕ್ಕಳ ಹತ್ರ ಕಲೀಲಿ. ನಮ್ಮಲ್ಲಿ ಕಪ್ಪಿಗೆ ಕಾಳೋ ಅಂತೀವಿ, ಳ ಧಾರಾಳ. ಪಕ್ಕಪಕ್ಕ ಕೂರಿಸಿ ಮೇಷ್ಟ್ರೇ.

ಮೊಳಕಾಲ್ಮೂರು ರೇಷ್ಮೆ

ತೆಲುಗು ಮಕ್ಕಳ ಬಗ್ಗೆ ಯಾರೂ ಚಿಂತೆ ಮಾಡಬೇಡಿ, ನಾವು ಎರಡೂ ಕಡೆ ಉಣ್ಣೋರು. ಲಿಪಿ ಅಕ್ಕತಂಗಿ ಇದ್ದಂಗೆ, ತಲಕಟ್ಟು ಒಂಚೂರು ಬೇರೆ. ನಮ್ಮೂರಲ್ಲಿ ರಾಯದುರ್ಗದ ಬಸ್ ಬೋರ್ಡ್ ಓದಿಯೇ ಅರ್ಧ ತೆಲುಗು ಬಂದಿರುತ್ತೆ. ತಾಪತ್ರಯ ಇರೋದು ಒಂದೇ ಥರ ಕೇಳಿಸೋ ಪದಗಳಲ್ಲಿ. ತೆಲುಗಿನಲ್ಲಿ "ಅವುನು" ಅಂದ್ರೆ ಹೌದು. ನಮ್ಮ ಕ್ಲಾಸಲ್ಲಿ ಬೆಂಗಳೂರಿನ ಕಡೆಯ ಮೇಷ್ಟ್ರು ಒಬ್ರು.

"ಪಾಠ ಅರ್ಥ ಆಯ್ತೇನೋ?"
"ಅವುನು ಸಾರ್."
"ಅವನಿಗಲ್ಲ, ನಿನಗೆ ಅರ್ಥ ಆಯ್ತಾ?"
"ಅವುನು ಸಾರ್."
"ಯಾವನೋ ಅವನು?"

ಪಕ್ಕದಲ್ಲಿ ಕೂತಿದ್ದ ನನಗೆ ಏಟು ಬಿತ್ತು.

ಚಾಪೆ ಮೇಷ್ಟ್ರು

ಹೊಟ್ಟೆ ಹಿಡ್ಕೊಂಡು ನಕ್ಕೆ. ಟೀಚರಮ್ಮ, ಪದ ಹುಡುಕೋ ಆಟ ಈ ಭಾನುವಾರವೇ ಮಾಡ್ತೀನಿ. ಆದ್ರೆ ಪುಸ್ತಕಗಳೇ ಸರಿಯಿಲ್ಲವೇನೋ ಅನ್ನಿಸ್ತಿದೆ. ಒಂದರಲ್ಲಿ ಅಜ್ಜಿ ಮನೆ ಜಗಲಿ, ತೆಂಗಿನ ತೋಟ, ಚಕ್ಕುಲಿ ಡಬ್ಬಿ. ಈ ಮಕ್ಕಳು ಜಗಲಿ ನೋಡಿಲ್ಲ. ಇರೋದು ಒಂದೇ ಕೋಣೆ, ಬಾಗಿಲು ತೆಗೆದ್ರೆ ಭಟ್ಟಿ ಹೊಗೆ. ಇನ್ನೊಂದು ಪುಸ್ತಕದ ಕೊನೆಗೆ "ನೀತಿ: ದುರಾಸೆ ಪಡಬಾರದು" ಅಂತಿತ್ತು. ದುರಾಸೆ ಪಡೋಕೆ ಇವರ ಹತ್ರ ಏನೈತಿ ಅಂತ ನಾಚಿಕೆಯಾಗಿ ಮಧ್ಯದಲ್ಲೇ ಮುಚ್ಚಿಟ್ಟೆ.

ಜಗಳೂರು ಲೈಬ್ರರಿ

ನಾನು ಗ್ರಾಮ ಪಂಚಾಯತಿ ಗ್ರಂಥಾಲಯ ನೋಡ್ಕೊಳ್ಳೋನು, ಈಗ ಅರಿವು ಕೇಂದ್ರ ಅಂತಾರೆ. 2019ರಲ್ಲಿ ನಮ್ಮನ್ನ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಕೊಟ್ರು. 2020ರ ಮಕ್ಕಳ ದಿನಾಚರಣೆಗೆ "ಓದುವ ಬೆಳಕು" ಅನ್ನೋ ಕಾರ್ಯಕ್ರಮ ಬಂತು, ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ರಿಜಿಸ್ಟರ್ ತುಂಬಿತು. ಹೆಸರು ತುಂಬಿದ ಹಂಗೆ ಪುಸ್ತಕ ಓಡಾಡಲಿಲ್ಲ. ಯಾಕೆ ಅಂತ ತಲೆ ಕೆಡಿಸ್ಕೊಂಡು ಕಂಡುಕೊಂಡಿದ್ದು ಹೇಳ್ತೀನಿ.

ನಿಮ್ಮ ಕಬ್ಬಿಣದ ಕಪಾಟಿಗೆ ಬೀಗ ಹಾಕ್ತೀರಾ? ಹಾಕ್ತೀರಿ, ಎಲ್ಲರೂ ಹಾಕ್ತಾರೆ. ಮೊದಲು ಅದನ್ನ ತೆಗೀರಿ. ಗೋಡೆಯಿಂದ ಗೋಡೆಗೆ ನೈಲಾನ್ ಹಗ್ಗ ಕಟ್ಟಿ, ಮಗುವಿನ ಎದೆ ಮಟ್ಟಕ್ಕೆ. ಪುಸ್ತಕ ಬಟ್ಟೆ ಒಣಗಿಸೋ ಹಂಗೆ ನೇತುಹಾಕಿ, ಮುಖಪುಟ ಕಾಣ್ಬೇಕು. ಸಣ್ಣ ಮಕ್ಕಳು ಬೆನ್ನು ನೋಡಿ ಪುಸ್ತಕ ಆರಿಸಲ್ಲ. ಮನೆಗೂ ಕೊಟ್ಟು ಕಳಿಸಿ. 150ರಲ್ಲಿ ವರ್ಷಕ್ಕೆ 20 ಹರೀಬೇಕು. ಹರಿದಿಲ್ಲ ಅಂದ್ರೆ ಯಾರೂ ಓದಿಲ್ಲ ಅಂತ ಲೆಕ್ಕ.

ಜಗಲಿ ಇಲ್ಲದ ಕಥೆ ಬೇಕಂದ್ರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ನೋಡಿ. 2015ರಿಂದ ಐತಿ, ದುಡ್ಡಿಲ್ಲ, ಪ್ರಿಂಟ್ ತೆಗೀಬಹುದು. ಕನ್ನಡ, ಉರ್ದು, ತೆಲುಗು, ಹಿಂದಿ ಎಲ್ಲಾ ಅದಾವೆ. ಒಂದೇ ಕಥೆ ಬೇರೆ ಬೇರೆ ಭಾಷೆಯಲ್ಲೂ ಸಿಗುತ್ತೆ, ಚಿತ್ರ ಅದೇ ಇರುತ್ತೆ. ನಾಲ್ಕು ಹಂತ ಮಾಡಿದಾರೆ, ಒಂದನೇ ಹಂತದಲ್ಲಿ ಪುಟಕ್ಕೆ ಒಂದೋ ಎರಡೋ ಸಾಲು. ನಿಮ್ಮ 12 ವರ್ಷದವರಿಗೂ ಅಲ್ಲಿಂದಲೇ ಶುರು ಮಾಡಿ, ಆದ್ರೆ "ನೀನು ತಮ್ಮಂಗೆ ಓದಿ ಹೇಳು" ಅಂತ ನೆಪ ಕೊಡಿ. ಮಾನ ಉಳೀತದೆ.

ಲೆಕ್ಕದ ಪಕ್ಕಾ

ಮೇಷ್ಟ್ರು ಗೋಡೌನ್ ಹಿಡ್ಕೊಂಡು ಕೂರೋದು ಯಾಕೆ ಅಂತ. ನಾವು ಮನೆ ಕಂದಾಯದ ಜೊತೆ 6% ಗ್ರಂಥಾಲಯ ಕರ ಕಟ್ತೀವಿ ಕಣ್ರಿ, 1965ರ ಕಾಯ್ದೆಯದು. ರಸೀದಿ ತೆಗೆದು ನೋಡಿ, ಅಚ್ಚುಕಟ್ಟಾಗಿ ಬರೆದಿರ್ತಾರೆ. ಆ ದುಡ್ಡಲ್ಲಿ ಭಟ್ಟಿ ಏರಿಯಾಕ್ಕೆ ಮಕ್ಕಳ ಕೋಣೆ ಒಂದು ಆಗಬಾರದಾ?

ಬೆಣ್ಣೆದೋಸೆ 77

ಮೊದಲು ರಸೀದಿ ಹುಡುಕ್ಬೇಕು. ಅಪ್ಪ ಅದನ್ನ ಪಂಚಾಂಗದೊಳಗೆ ಇಟ್ಟಿರ್ತಾನೆ.

ಲಾ ಪಾಯಿಂಟ್

ಕಾನೂನಿನ ದೃಷ್ಟಿಯಿಂದ ಒಂದು ಮಾತು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಅನುಕೂಲ ಮಾಡಿಕೊಡಿ ಅನ್ನುತ್ತೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಕೂಡ ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯಲ್ಲೇ ಬೋಧಿಸಿ ಅನ್ನುತ್ತೆ. 2014ರಲ್ಲಿ ಸುಪ್ರೀಂ ಕೋರ್ಟ್, ಸರ್ಕಾರ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಅದಾದ ಮೇಲೆ ರಾಜ್ಯ 2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ತಂದು, ಎಲ್ಲ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯ ಮಾಡಿತು. ಇವೆಲ್ಲ ಶಾಲೆಗೆ. ಗೋಡೌನ್‌ಗೆ ಯಾವುದೂ ಅನ್ವಯಿಸಲ್ಲ.

ಸುಮ್ನೆ ನೋಡ್ತಿದೀನಿ

ಅವರು ಚಾಪೆ ಹಾಸಿದ್ರೆ ನೀವು ಕೋರ್ಟ್ ಹಾಸ್ತಿದೀರಲ್ಲ ಸಾರ್.

ದುರ್ಗದ ಕಲ್ಲು

ಚಿತ್ರದುರ್ಗದಿಂದ. ನಾನೂ ಮೂರು ವರ್ಷ ಇಂಥದ್ದೇ ಓದಿನ ಗುಂಪು ನಡೆಸಿದೀನಿ, ಕೋಟೆ ಹತ್ರದ ಬೀದೀಲಿ. ಭಾಷೆ ಬಿಡಿ, ಕಥೆಯೊಳಗೆ ಯಾರು ಯಾರಾಗ್ತಾರೆ ಅನ್ನೋದು ಅದಕ್ಕಿಂತ ಕಷ್ಟ.

ದುರ್ಗದಲ್ಲಿ ಓಬವ್ವನ ಕಥೆ ಬಿಟ್ಟು ಮಕ್ಕಳನ್ನ ಸೇರಿಸೋಕಾಗಲ್ಲ. ಕಿಂಡಿ ಕಣ್ಣೆದುರಿಗೇ ಐತೆ. ಓದಿ ಮುಗಿಸಿ ಆಟ ಕಟ್ಟಿದ್ವಿ. ಓಬವ್ವ ಯಾರು, ಕಹಳೆ ಊದೋನು ಯಾರು ಅಂತ ಕಿತ್ತಾಟ. ಹೈದರಾಲಿ ಸೈನಿಕರು ಯಾರು ಅಂದಾಗ ಯಾರೂ ಕಿತ್ತಾಡಲಿಲ್ಲ. ನಾಲ್ಕು ಮುಸ್ಲಿಂ ಹುಡುಗರು ತಾವಾಗೇ ಎದ್ದು ಆ ಕಡೆ ಹೋಗಿ ನಿಂತ್ರು. ಯಾರೂ ಹೇಳಿರಲಿಲ್ಲ. ಹೊಟ್ಟೆ ತೊಳಸಿದಂಗಾಯ್ತು ನನಗೆ. ಮುಂದಿನ ವಾರ ಆ ನಾಲ್ಕರಲ್ಲಿ ಇಬ್ಬರು ಬರಲಿಲ್ಲ.

ಆಮೇಲೆ ಚೀಟಿ ಎತ್ತಿಸೋ ಪದ್ಧತಿ ತಂದೆ. ಓಬವ್ವ ಬಿದ್ದಿದ್ದು ಒಬ್ಬ ಬುರುಡೆ ಬೇಗಂಗೆ (ಅವಳಜ್ಜಿ ಕರೆಯೋ ಅಡ್ಡಹೆಸರು, ಸುಳ್ಳು ಜಾಸ್ತಿ ಹೇಳ್ತಾಳೆ ಅಂತ). ಒನಕೆ ಎಲ್ಲಿಂದ ತರೋದು, ಪೊರಕೆ ಕೊಟ್ವಿ. ಕಿಂಡಿಯಲ್ಲಿ ತಲೆ ತೂರಿಸಿದ್ದು ನಾಯಕರ ಹುಡುಗ, ಲಿಂಗಾಯತರ ಹುಡುಗ, ಇವಳ ಸ್ವಂತ ತಮ್ಮ. ತಮ್ಮನಿಗೆ ಮಾತ್ರ ಎರಡು ಏಟು ಜಾಸ್ತಿ ಬಿತ್ತು, ಹಳೇ ಬಾಕಿ.

ಕನ್ನಡ ಕಟ್ಟಾಳು

ಅಂದ್ರೆ ಇತಿಹಾಸ ಬದಲಾಯಿಸ್ತೀರಾ?

ದುರ್ಗದ ಕಲ್ಲು

ಇತಿಹಾಸ ಕಿಂಡಿ ಹತ್ರಾನೇ ಐತೆ ಅಣ್ಣ, ಟಿಕೆಟ್ ತಗೊಂಡು ನೋಡ್ಬಹುದು. ಬದಲಾಗಿದ್ದು ಪಾತ್ರ ಹಂಚಿದ್ದು.

ಇನ್ನೊಂದು ಮಾತು ಬಿಟ್ಟಿದ್ದೆ. ಪುಸ್ತಕದಲ್ಲಿಲ್ಲದ ಕಥೆಗಳನ್ನ ಕಡೆಗಣಿಸಬೇಡಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದೋಕೆ ಬರ್ತಿರಲಿಲ್ಲ, ಸಾವಿರಾರು ಹಾಡು ನೆನಪಿದ್ದವು. ಹಂಪಿ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. ಅಂಥ ಅಜ್ಜಿ ಒಬ್ಬೊಬ್ಬರಾದ್ರೂ ನಿಮ್ಮ ಭಟ್ಟಿ ಓಣಿಯಲ್ಲಿ ಇರ್ತಾರೆ. ಕರೆಸಿ, ಹೇಳಿಸಿ, ಮಕ್ಕಳ ಕೈಲಿ ಬರೆಸಿ.

ಚನ್ನಗಿರಿ ಅಡಿಕೆ

ಅಡ್ಡಮಾತು ಅನ್ಕೋಬೇಡಿ. ನಮ್ಮ ತಾಲ್ಲೂಕಿನಲ್ಲಿ ಹಕ್ಕಿಪಿಕ್ಕಿ ಜನ ಇದಾರೆ. ಮನೇಲಿ ವಾಗ್ರಿ, ಹೊರಗೆ ಕನ್ನಡ. ಎಣ್ಣೆ, ಗಿಡಮೂಲಿಕೆ ಮಾರೋಕೆ ಆಫ್ರಿಕಾದವರೆಗೂ ಹೋಗ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಗಲಾಟೆಯಾದಾಗ ಸಿಕ್ಕಿಹಾಕ್ಕೊಂಡವರಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿಗಳೂ ಇದ್ರು. ನನ್ನ ಹೆಂಡತಿ ಟ್ಯೂಷನ್ ಹೇಳ್ತಾಳೆ. ಒಬ್ಬ ಹುಡುಗ ಓದೋದ್ರಲ್ಲಿ ಬಹಳ ಹಿಂದೆ ಅಂತ ಶಾಲೆಯಿಂದಲೇ ಹೇಳಿ ಕಳಿಸಿದ್ರು. ಇವಳು ಒಂದಿನ ಗೋಡೆಗೆ ಪ್ರಪಂಚದ ನಕ್ಷೆ ಹಾಕಿದ್ಲು. ಹುಡುಗ ಎದ್ದು ಬಂದು "ಇಲ್ಲಿ ಅಪ್ಪ ಇದ್ದ, ಆಮೇಲೆ ಇಲ್ಲಿಗೆ ಹೋದ, ದೊಡ್ಡಪ್ಪ ಇಲ್ಲಿ" ಅಂತ ಬೆರಳಿಡ್ತಾ ದೇಶದ ಹೆಸರು ಒಂದೊಂದಾಗಿ ಕೂಡಿಸಿ ಕೂಡಿಸಿ ಓದಿದ. ನಾವಿಬ್ಬರೂ ಆ ದೇಶ ಎಲ್ಲಿದೆ ಅಂತ ಕನ್ನಡಕ ಹಾಕ್ಕೊಂಡು ಹುಡುಕ್ತಿದ್ವಿ.

ಆಜಾದ್‌ನಗರ ಟೀಚರ್

ಮೇಷ್ಟ್ರೇ, ಇಷ್ಟು ಹೊತ್ತು ಎಲ್ಲರೂ ಬರ್ತಿರೋ 11 ಮಕ್ಕಳ ಬಗ್ಗೆ ಮಾತಾಡಿದ್ವಿ. ಬಿಟ್ಟುಹೋದ 17 ಮಕ್ಕಳ ಮನೆಗೆ ಹೋಗಿ ಕೇಳಿದ್ರಾ?

ಚಾಪೆ ಮೇಷ್ಟ್ರು

ಇಲ್ಲಮ್ಮ. ಭಾಷೆ ತೊಂದರೆ ಅಂತ ನಾನೇ ತೀರ್ಮಾನ ಮಾಡ್ಕೊಂಡೆ. ನಾಳೆಯಿಂದ ಹೋಗ್ತೀನಿ.

ಬೆಣ್ಣೆದೋಸೆ 77

ಹೋಗುವಾಗ ಮಂಡಕ್ಕಿ ತಗೊಂಡು ಹೋಗ್ಬೇಡಿ, ಅಲ್ಲಿ ಅದನ್ನ ನೋಡಿದ್ರೇ ಓಡ್ತಾರೆ. ಅಂದಹಾಗೆ ಗಿರ್‍ಮಿಟ್ ದಾವಣಗೆರೆಯದಾ ಹುಬ್ಬಳ್ಳಿಯದಾ?

ಮೊಳಕಾಲ್ಮೂರು ರೇಷ್ಮೆ

ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ರಕ್ತಪಾತ ಬೇಡ.

ಅಡ್ಮಿನ್

ಗಿರ್‍ಮಿಟ್ ಕುರಿತ 14 ಪ್ರತಿಕ್ರಿಯೆಗಳನ್ನು ಬೇರೆ ಕಡೆ ಸಾಗಿಸಲಾಗಿದೆ.

ಚಾಪೆ ಮೇಷ್ಟ್ರು

ಐದು ದಿನ ಸುತ್ತಿದೆ. 17 ಮನೆಗೂ ಹೋಗಿಬಂದೆ. ಕಾಲು ನೋವು ಹೋಗಲಿ, ಮಾನ ಹೋಗಿದ್ದು ಜಾಸ್ತಿ.

8 ಮಕ್ಕಳು ಬರದೇ ಇರೋಕೆ ಕಾರಣ: ಭಾನುವಾರ ಬೆಳಗ್ಗೆ ಅದೇ ಹೊತ್ತಿಗೆ ಅರಬ್ಬಿ ಪಾಠ ಇರುತ್ತೆ. ಮೊದಮೊದಲು ತಪ್ಪಿಸಿ ಬಂದ್ವು, ಆಮೇಲೆ ಮನೇಲಿ ಬೈದ್ರು. ನಾನು ಒಂದು ಮಾತು ಕೇಳಿದ್ರೆ ಜೂನ್‌ನಲ್ಲೇ ಗೊತ್ತಾಗ್ತಿತ್ತು. 4 ಲಂಬಾಣಿ ಮಕ್ಕಳು ಊರಲ್ಲೇ ಇಲ್ಲ. ಇಬ್ಬರ ಅಪ್ಪ ಅಮ್ಮ ಕಬ್ಬು ಕಡಿಯೋಕೆ, ಇನ್ನಿಬ್ಬರದು ಚಿಕ್ಕಮಗಳೂರು ಕಡೆ ಕಾಫಿ ಎಸ್ಟೇಟು. 2 ಹೆಣ್ಣುಮಕ್ಕಳಿಗೆ ಸಣ್ಣ ತಮ್ಮಂದಿರನ್ನ ಎತ್ತಿಕೊಳ್ಳೋ ಕೆಲಸ. ಒಂದು ಮನೇಲಿ ಅವಳಮ್ಮ "ನೀವೇ ಸಾರ್ ಸಣ್ಣ ಮಕ್ಕಳನ್ನ ಕರ್ಕೊಂಡು ಬರ್ಬೇಡ ಅಂದಿದ್ದು" ಅಂದ್ರು. ಹೌದು, ಅಂದಿದ್ದೆ.

ಉಳಿದ 3 ಹುಡುಗರು ಮಾತ್ರ ಊರಲ್ಲೇ ಇದಾರೆ, ಬಿಡುವಾಗಿಯೂ ಇದಾರೆ. ಯಾಕ್ರೋ ಬರಲ್ಲ ಅಂದೆ. ಇಬ್ಬರು ನಕ್ಕು ಓಡಿದ್ರು. ಮೂರನೆಯವನು ಭಟ್ಟಿ ಕೆಲಸದವರ ಮಗ, 10 ವರ್ಷ. ನೆಲ ನೋಡ್ಕೊಂಡು ಹೇಳಿದ, "ಕಥೆ ಚೆನ್ನಾಗಿರ್ತದೆ ಸಾರ್. ಮುಗಿದ ಮೇಲೆ ನೀವು ಕೇಳ್ತೀರಿ."

ತಾಂಡಾದ ಹುಡುಗಿ

ಅಯ್ಯೋ.

ದುರ್ಗದ ಕಲ್ಲು

ಮೇಷ್ಟ್ರ ಚಟ. ಪೆನ್ಷನ್ ಬಂದ್ರೂ ಬಿಡಲ್ಲ.

ಜಗಳೂರು ಲೈಬ್ರರಿ

ನಿಮ್ಮ ಮೊದಲ ಪೋಸ್ಟ್ ಮತ್ತೆ ಓದಿದೆ. "ನರಿ ಯಾಕೆ ಓಡಿಹೋಯ್ತು?" ಅದು ಪರೀಕ್ಷೆ ಪ್ರಶ್ನೆನೇ ಹೌದಲ್ಲ ಸಾರ್. ಉತ್ತರ ನಿಮಗೆ ಗೊತ್ತು. ಗೊತ್ತಿದ್ದೂ ಕೇಳೋದು ಬರೀ ಮೇಷ್ಟ್ರು ಮತ್ತೆ ಪೊಲೀಸ್ನೋರು.

ಚಾಪೆ ಮೇಷ್ಟ್ರು

ಸರಿಯಾಗಿ ಹೇಳಿದ್ರಿ. ಹಂಗಾಗಿ ಅವನಿಗೆ ನನಗೆ ನಿಜವಾಗಿ ಗೊತ್ತಿಲ್ಲದ್ದನ್ನೇ ಕೇಳಿದೆ. ಮಂಡಕ್ಕಿ ಹೆಂಗೆ ಮಾಡ್ತಾರೋ ಅಂದೆ. 60 ವರ್ಷದಿಂದ ತಿಂತಿದೀನಿ, ನೆಟ್ಟಗೆ ಗೊತ್ತಿಲ್ಲ. ಅರ್ಧ ಗಂಟೆ ಹೇಳಿದ. ಭತ್ತ ನೆನೆಸೋದು, ಬೇಯಿಸೋದು, ಒಣಗಿಸೋದು, ಅಕ್ಕಿ ಮಾಡಿಸೋದು, ಉಪ್ಪುನೀರು ಹಾಕೋದು, ಕೊನೆಗೆ ಕಾದ ಮರಳಲ್ಲಿ ಹುರಿಯೋದು. ಮಾತು ಅರ್ಧ ದಖನಿ, ಅರ್ಧ ಕನ್ನಡ. ನಾನು ಬರ್ಕೊಂಡೆ. ಅವನು ಹೇಳಿದ ಹಂಗೇ, 8 ಹಾಳೆ, ಹಾಳೆಗೆ ಎರಡು ಸಾಲು. ಮಡಚಿ ಹೊಲಿಗೆ ಹಾಕಿ ಅವನ ಹೆಸರು ಬರೆದು ಹಗ್ಗಕ್ಕೆ ನೇತುಹಾಕಿದೀನಿ. ಮೂರನೇ ಹಾಳೆ ಹಿಂಗೈತಿ: "ಮರಳು ಕಾಯ್ತೈತಿ. ಅಕ್ಕಿ ಹಾಕಿದ್ರೆ ಟಪಟಪ ಅಂತೈತಿ. ಅಬ್ಬಾ ಮೊಕ ಕೆಂಪಾಗ್ತೈತಿ."

ಅಬ್ಬಾ ಅಂದ್ರೆ ಅವನಪ್ಪ. ಓದಿದ ಕನ್ನಡದ ಹುಡುಗಿ ಒಬ್ಬಳು "ಅಬ್ಬಬ್ಬಾ" ಅನ್ಕೊಂಡ್ಲು. ಅವನೇ ತಿದ್ದಿದ.

ಕನ್ನಡ ಕಟ್ಟಾಳು

ಪುಸ್ತಕ ಮಾಡಿದ್ದು ಒಳ್ಳೇದು. ಆದ್ರೆ "ಕಾಯ್ತೈತಿ", "ಮೊಕ" ಅಂತ ಬರೆಸ್ತೀರಾ? ಕಾಯುತ್ತದೆ, ಮುಖ ಅಂತ ತಿದ್ದಿ ಬರೆಸಿ. ತಪ್ಪು ಕನ್ನಡ ಅಚ್ಚೊತ್ತಿಬಿಡುತ್ತೆ.

ಬೆಣ್ಣೆದೋಸೆ 77

ಈಗ ನಾನು ಸೀರಿಯಸ್. ನಾನು ಹುಟ್ಟಾ ಕನ್ನಡದವನು, ಮನೇಲಿ ಬೇರೆ ಮಾತೇ ಇಲ್ಲ. ಆದ್ರೂ ಒಂದನೇ ಕ್ಲಾಸಲ್ಲಿ "ಹೋಗುತ್ತಿದ್ದೇನೆ" ಅಂತ ಓದ್ದಾಗ ಅದು ಯಾರ ಭಾಷೆ ಅಂತ ಗೊತ್ತಾಗಲಿಲ್ಲ. ನಮ್ಮವ್ವ ಜೀವಮಾನದಲ್ಲಿ ಆ ಪದ ಅಂದಿಲ್ಲ. "ಹೊಂಟೀನಿ" ಅಂತಾಳೆ. ನನ್ನ ಮನೆಮಾತೂ ಪುಸ್ತಕದಲ್ಲಿ ಇರಲಿಲ್ಲ ಸ್ವಾಮಿ. ನೀವು 3 ಮಕ್ಕಳು "ಬರೀ ಕನ್ನಡ" ಅಂತ ಬರೆದಿದೀರಲ್ಲ ಮೇಷ್ಟ್ರೇ, ಅವರನ್ನೂ ಒಂದು ಸಲ ಕೇಳಿ ನೋಡಿ.

ಆಜಾದ್‌ನಗರ ಟೀಚರ್

ಎರಡೂ ಬರೆಸಿ. ಹಗ್ಗದ ಮೇಲೆ ಅವನು ಹೇಳಿದ್ದು, ಪಕ್ಕದಲ್ಲಿ ಪುಸ್ತಕದ ಕನ್ನಡ. ಮಕ್ಕಳೇ ಇದು ಮನೆಗೆ, ಇದು ಶಾಲೆಗೆ ಅಂತ ಬೇರೆ ಮಾಡ್ಕೋತಾರೆ. ಅಷ್ಟು ಬುದ್ಧಿ ಅವಕ್ಕಿದೆ, ನಮಗೇ ಗಾಬರಿ.

ಕನ್ನಡ ಕಟ್ಟಾಳು

ಪಕ್ಕದಲ್ಲಿ ಹಾಕೋದಾದ್ರೆ ನನ್ನ ತಕರಾರಿಲ್ಲ. ಆ ಹಿರಿಯರು ಏನಂತಾರೆ?

ಚಾಪೆ ಮೇಷ್ಟ್ರು

ಅವರಿಗೆ ಮಂಡಕ್ಕಿ ಪುಸ್ತಕ ಓದಿ ಹೇಳಿದೆ. ನೀತಿ ಎಲ್ಲಿ ಅಂದ್ರು. ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಆ ಭಟ್ಟಿ ಹುಡುಗನ ಅಜ್ಜ ನಮ್ಮ ಗಿರಣಿಯಿಂದಲೇ ಅಕ್ಕಿ ತಗೊಳ್ತಿದ್ದ" ಅಂದ್ರು. ಷರತ್ತಿನ ಬಗ್ಗೆ ಮಾತೇ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಇನ್ನೊಂದು. ಹೊತ್ತು ಬದಲಾಯಿಸಿದೀನಿ, ಭಾನುವಾರ ಸಂಜೆ 5ಕ್ಕೆ. ಸಣ್ಣ ತಮ್ಮ ತಂಗಿಯರೂ ಬರಬಹುದು. ಪ್ರಶ್ನೆ ಬಂದ್. ಮೊನ್ನೆ 19 ಜನ, ಅದರಲ್ಲಿ 3 ಕಂಕುಳ ಕೂಸು. ಬಿಹಾರದ ಅಕ್ಕತಂಗಿ ಒಂದೇ ಕಥೆಯನ್ನ ಹಿಂದಿಯಲ್ಲೂ ಕನ್ನಡದಲ್ಲೂ ಎದುರುಬದುರು ಇಟ್ಕೊಂಡು ಕೂತಿದ್ರು, ನಾನು ಹತ್ರ ಹೋಗಲಿಲ್ಲ. ಲಂಬಾಣಿ ಹುಡುಗನೊಬ್ಬ ಅಜ್ಜಿನ ಕರ್ಕೊಂಡು ಬರ್ತೀನಿ ಅಂದಿದಾನೆ. ಅಜ್ಜಿ ಕೇಳಿ ಕಳಿಸಿದಾರೆ: ಹಾಡಬೇಕಾ, ಹೇಳಬೇಕಾ, ಎಲೆಅಡಿಕೆ ಇರುತ್ತಾ?

ಚನ್ನಗಿರಿ ಅಡಿಕೆ

ಅಡಿಕೆ ನನ್ನ ಕಡೆಯಿಂದ. ಹೆಸರಿಗೆ ತಕ್ಕಂಗೆ.

ಲೆಕ್ಕದ ಪಕ್ಕಾ

5 ಗಂಟೆ ಅಂದ್ರೆ ಈ ತಿಂಗಳು 6ಕ್ಕೇ ಕತ್ತಲು. ಗೋಡೌನಲ್ಲಿ ಲೈಟ್ ಐತಾ?

ಚಾಪೆ ಮೇಷ್ಟ್ರು

ಒಂದು ಬಲ್ಬು, ಬಾಗಿಲ ಹತ್ರ. ಒಳಗಿನ ಮಕ್ಕಳು ಮೊಬೈಲ್ ಬೆಳಕಲ್ಲಿ ಓದಿದ್ವು. ಆ ಮೊಬೈಲ್ ನನ್ನದೇ, ಮಧ್ಯದಲ್ಲಿ ಮಗಳು ಫೋನ್ ಮಾಡಿದ್ಲು. ಮಂಡಕ್ಕಿ ಹುಡುಗ ಎತ್ತಿ "ಸಾರ್ ಕಥೆ ಕೇಳ್ತಿದಾರೆ, ಆಮೇಲೆ ಮಾಡಿ" ಅಂದ.

ಕನ್ನಡ ಕಟ್ಟಾಳು

ನಾನು ಇನ್ನೂ ಪೂರ್ತಿ ಒಪ್ಪಿಲ್ಲ, ಗೊತ್ತಿರಲಿ. ಆದ್ರೆ ನನ್ನದು ಎಲೆಕ್ಟ್ರಿಕಲ್ ಅಂಗಡಿ. ಎರಡು ಎಲ್‌ಇಡಿ ಟ್ಯೂಬ್ ತಂದು ಶನಿವಾರ ಹಾಕಿಕೊಡ್ತೀನಿ. ಗೋಡೌನ್ ಎತ್ತರ ಎಷ್ಟು?

ಚಾಪೆ ಮೇಷ್ಟ್ರು

12 ಅಡಿ ಇರಬಹುದು. ಏಣಿ ಇಲ್ಲ, ಅದನ್ನೂ ತನ್ನಿ.